ಕೂಗಳತೆ

ನಮ್ಮ ಅತ್ತೆಯವರ ಎದೆಯಲ್ಲಿ ಒಂದು ಕಂಪ್ಯೂಟರ್ ಇದೆ ಎನ್ನುವುದು ನನಗೆ ತಿಳಿದದ್ದು ಅದನ್ನು ಅಲ್ಲಿ ಇಟ್ಟು ಐದು ತಿಂಗಳಾದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಅದರ ಹೆಸರು ‘ಬ್ಯಾಟರಿ’. ನೋಡಲು ಬಂದವರಿಗೆಲ್ಲ ‘ಹಾರ್ಟಿಗೆ ಬ್ಯಾಟರಿ ಹಾಕ್ಸಿದೀವಿ’ ಎಂದೇ ಹೇಳುತ್ತಿದ್ದೆವು. ಬಂದವರೂ ‘ಓ, ಬ್ಯಾಟರಿಯಾ’ ಎಂದು, ಟಾರ್ಚಿಗೆ ಸೆಲ್ಲು ಬದಲಿಸಿದ ಸುದ್ದಿ ಕೇಳಿದಷ್ಟೇ ಸಲೀಸಾಗಿ ತಲೆದೂಗಿ ಕಾಫಿ ಕುಡಿದು ಹೋಗುತ್ತಿದ್ದರು.

2024ರ ಯುಗಾದಿಗೆ ಬೆಂಗಳೂರಿನಿಂದ ಬಂದ ಮಗಳು ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಓದಿ, ‘ಆಯಿ, ಇದು ನಾನು ಮಾಡೋ ಕೆಲಸದ್ದೇ ಜಾತಿ. ಆದ್ರೆ ನಮ್ದಕ್ಕಿಂತ ಬಹಳ ಮರ್ಯಾದಸ್ಥ’ ಎಂದಳು. ಅವಳು ಇರುವುದು ಕಾರಿನ ಬ್ರೇಕಿಗೆ ಬೇಕಾದ ಕಂಪ್ಯೂಟರ್ ಮಾಡುವ ಒಂದು ಕಂಪನಿಯಲ್ಲಿ. ಬ್ರೇಕ್ ಹಾಕುವುದು ಕಾಲು, ಅದಕ್ಕೆ ಕಂಪ್ಯೂಟರ್ ಯಾಕೆ ಎಂದು ಕೇಳಿ ನಾನು ನಗೆಪಾಟಲಾದದ್ದು ಹಳೆಯ ಕಥೆ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಉಗುರಿನಗಲದ ಒಂದು ಚಿಪ್ ಯಂತ್ರದ ಹೊಟ್ಟೆಯಲ್ಲಿ ಕೂತು ತನಗೆ ಒಪ್ಪಿಸಿದ ಕೆಲಸವನ್ನು ಹಗಲೂ ರಾತ್ರಿ ಮಾಡುತ್ತಿರುತ್ತದೆ. ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರಂತೆ. ನಮ್ಮ ವಾಷಿಂಗ್ ಮಷೀನಿನಲ್ಲಿರುವುದೂ ಅದರದೇ ಸಂತಾನ. ವಾಷಿಂಗ್ ಮಷೀನು ಅರ್ಧ ನಿಮಿಷ ತಡಮಾಡಿದರೆ ಸೀರೆ ಅರ್ಧ ನಿಮಿಷ ತಡವಾಗಿ ಒಗೆದಾಗುತ್ತದೆ, ಅಷ್ಟೆ. ಬ್ರೇಕು ಹಾಗಲ್ಲ. ಅಲ್ಲಿ ಸರಿಯಾದ ಉತ್ತರ ತಡವಾಗಿ ಬಂದರೆ ಅದು ತಪ್ಪು ಉತ್ತರವೇ. ಸಾಸಿವೆ ಸಿಡಿದ ಮೇಲೆ ಕರಿಬೇವು ತರಲು ಹಿತ್ತಿಲಿಗೆ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಟರಿ ಹಾಕುವ ಸಂದರ್ಭ ಬಂದದ್ದು ಹೇಗೆ ಎಂದು ಮೊದಲು ಹೇಳಬೇಕು.

ಅತ್ತೆಯವರ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿಯಿಂದ ಐದಾರು ಕಿಲೋಮೀಟರ್ ಒಳಗೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತ ಮರುವರ್ಷ ಅವರು ಮದುವೆಯಾಗಿ ಆ ಮನೆಗೆ ಬಂದವರು. ಮಾವನವರು 2017ರಲ್ಲಿ ತೀರಿಕೊಂಡ ಮೇಲೆ ಒಬ್ಬರೇ. ತೋಟದಾಚೆ ಒಂದು ಮನೆ ಇದೆ. ಆ ಮನೆಯಾಕೆಗೂ ಅತ್ತೆಗೂ ಒಂದು ಒಪ್ಪಂದವಿತ್ತು: ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಅಂಗಳದ ಲೈಟು ಹಾಕಬೇಕು. ಆಚೆಮನೆಯಾಕೆ ಕೊಟ್ಟಿಗೆಗೆ ಹೋಗುವಾಗ ಅಡಿಕೆ ಮರಗಳ ನಡುವೆ ಆ ಬೆಳಕು ಕಂಡರೆ ‘ಅಮ್ಮ ಎದ್ದರು’ ಎಂದುಕೊಂಡು ತನ್ನ ಕೆಲಸ ನೋಡಬೇಕು. ಆರು ವರ್ಷ ಈ ಏರ್ಪಾಟು ಒಂದು ದಿನವೂ ಕೈಕೊಡಲಿಲ್ಲ. ನಾವು ಸಾಗರದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆವು.

2023ರ ನವೆಂಬರಿನ ಒಂದು ರಾತ್ರಿ. ಅಡಿಕೆ ಕೊಯ್ಲಿನ ಕಾಲ, ಚಪ್ಪರದ ಮೇಲೆ ಅಡಿಕೆ ಹರಡಿತ್ತು. ಮೋಡ ಕಟ್ಟಿದೆಯೇನೋ ನೋಡೋಣವೆಂದು ಅತ್ತೆ ಹತ್ತೂವರೆಗೆ ಅಂಗಳದ ಲೈಟು ಹಾಕಿ ಹೊರಗೆ ಬಂದಿದ್ದಾರೆ. ಕಣ್ಣು ಕತ್ತಲೆ ಬಂದದ್ದಷ್ಟೇ ಅವರಿಗೆ ನೆನಪು. ಬಿದ್ದದ್ದು ಚಪ್ಪರದ ಹಿಂದೆ, ಆಚೆಮನೆಯಿಂದ ಕಾಣದ ಜಾಗದಲ್ಲಿ. ಲೈಟು ಮಾತ್ರ ರಾತ್ರಿಯಿಡೀ ಉರಿಯಿತು. ಬೆಳಗಿನ ಜಾವ ಆಚೆಮನೆಯಾಕೆ ನೋಡಿದಳು, ಬೆಳಕಿದೆ; ಅಮ್ಮ ಎದ್ದಿದ್ದಾರೆ. ಒಂಬತ್ತು ಗಂಟೆಗೆ ಮೊಸರಿಗೆ ಹೆಪ್ಪು ಕೇಳಲು ಬಂದದ್ದರಿಂದ ನಮ್ಮ ಅತ್ತೆ ನಮಗೆ ಉಳಿದರು.

ಅಂದು ಸೇತುವೆ ಇರಲಿಲ್ಲ. ಜೀಪಿನಲ್ಲಿ ಲಾಂಚಿನ ಕಟ್ಟೆಗೆ, ಲಾಂಚಿನಲ್ಲಿ ಹೊಳೆಬಾಗಿಲಿಗೆ, ಅಲ್ಲಿಂದ ಸಾಗರ, ಸಾಗರದಿಂದ ಶಿವಮೊಗ್ಗ. ನಾಡಿ ನಿಮಿಷಕ್ಕೆ ಮೂವತ್ತರ ಆಸುಪಾಸು. ಆಮೇಲೆ ನಡೆದದ್ದೆಲ್ಲ ಡಾಕ್ಟರರ ಕೆಲಸ, ಅವರು ಚೆನ್ನಾಗಿಯೇ ಮಾಡಿದರು. ನನಗೆ ಮರೆಯಲಾಗದೆ ಉಳಿದದ್ದು ಲಾಂಚಿನ ಕಟ್ಟೆಯಲ್ಲಿ ಸೆರಗಿನಿಂದ ಕಣ್ಣೊರೆಸುತ್ತ ನಿಂತ ಆಚೆಮನೆಯಾಕೆ. ‘ಲೈಟು ಇತ್ತಲ್ಲ ಅಕ್ಕಾ, ಲೈಟು ಕಂಡು ನಾ ಸುಮ್ನಾದೆ’ ಎಂದು ಅದನ್ನೇ ಹೇಳುತ್ತಿದ್ದಳು.

ಎಲ್ಲ ಗ್ರಹಚಾರ ಎಂದು ನಾವು ಅವಳಿಗೂ ನಮಗೂ ಸಮಾಧಾನ ಹೇಳಿಕೊಂಡಿದ್ದೆವು. ಯುಗಾದಿಯ ದಿನ ಮಗಳು ಅದನ್ನು ಒಪ್ಪಲಿಲ್ಲ.

‘ಅವಳದ್ದೂ ತಪ್ಪಲ್ಲ, ಗ್ರಹಚಾರದ್ದೂ ಅಲ್ಲ. ನೀವು ಇಟ್ಕೊಂಡ ಗುರುತೇ ತಪ್ಪು’ ಎಂದಳು. ಅವಳ ಕಂಪ್ಯೂಟರುಗಳಲ್ಲಿ ವಾಚ್‌ಡಾಗ್ ಎಂದು ಒಂದಿರುತ್ತದಂತೆ, ಕಾವಲುನಾಯಿ. ಅದೊಂದು ಗಡಿಯಾರ. ಮೇಲಿನಿಂದ ಕೆಳಕ್ಕೆ ಎಣಿಸುತ್ತಿರುತ್ತದೆ. ಮುಖ್ಯ ಪ್ರೋಗ್ರಾಮು ತನ್ನ ಕೆಲಸದ ಒಂದು ಸುತ್ತು ಮುಗಿಸಿದಾಗಲೆಲ್ಲ ಈ ನಾಯಿಗೆ ಒಂದು ತುತ್ತು ಹಾಕಬೇಕು. ಹಾಕಿದರೆ ಎಣಿಕೆ ಮತ್ತೆ ಮೊದಲಿನಿಂದ. ಪ್ರೋಗ್ರಾಮು ಎಲ್ಲೋ ಸಿಕ್ಕಿಹಾಕಿಕೊಂಡು ತುತ್ತು ಬರಲಿಲ್ಲವೆನ್ನಿ, ಎಣಿಕೆ ಸೊನ್ನೆಗೆ ಇಳಿಯುತ್ತದೆ. ನಾಯಿ ಯಾರನ್ನೂ ಕೇಳುವುದಿಲ್ಲ, ಇಡೀ ಯಂತ್ರವನ್ನು ಆರಿಸಿ ಹೊಸದಾಗಿ ಎಬ್ಬಿಸುತ್ತದೆ. ‘ಯಾಕೋ ತಡ ಆಯ್ತು, ಏನೋ ಕೆಲ್ಸ ಇರ್ಬೇಕು’ ಎಂಬ ದಾಕ್ಷಿಣ್ಯ ಅದಕ್ಕಿಲ್ಲ. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರಂತೆ. ಮುಖ್ಯ ಕೆಲಸಕ್ಕೆ ಸಂಬಂಧವೇ ಇಲ್ಲದ, ತಾನಾಗಿ ನಡೆಯುವ ಯಾವುದೋ ಪುಟ್ಟ ಗಡಿಯಾರದ ಕೈಗೆ ತುತ್ತು ಹಾಕುವ ಕೆಲಸ ಕೊಟ್ಟುಬಿಡುತ್ತಾರೆ. ಯಜಮಾನ ಬಿದ್ದಿರುತ್ತಾನೆ, ಆಳು ಬಂದು ನಾಯಿಗೆ ಅನ್ನ ಹಾಕುತ್ತಲೇ ಇರುತ್ತಾನೆ, ನಾಯಿ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ.

‘ಅಂಗಳದ ಲೈಟು ಅದೇ ಆಳು ಆಯಿ. ಅದು ಉರಿಯೋಕೆ ಅಮ್ಮಮ್ಮ ಬೇಡ, ಕರೆಂಟಿದ್ರೆ ಸಾಕು.’

ನನಗೆ ಮೈ ಜುಮ್ಮೆಂದಿತು. ಉರಿಯುತ್ತಿರುವುದು ಗುರುತಲ್ಲ, ಅಂದಂದೇ ಹೊಸದಾಗಿ ಹೊತ್ತಿಕೊಂಡದ್ದು ಗುರುತು. ಆರು ವರ್ಷ ನಾವು ನಂಬಿದ್ದು ಅತ್ತೆಯನ್ನಲ್ಲ, ವಿದ್ಯುತ್ ಇಲಾಖೆಯನ್ನು.

ಅದೇ ಸಂಜೆ ಅವಳು ಅಜ್ಜಿಯ ‘ಬ್ಯಾಟರಿ’ಯ ವಿಚಾರವನ್ನೂ ಹೇಳಿದಳು. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಸಂದೇಶ ಕೆಳಗಿನ ಕೋಣೆಗೆ ಇಳಿದರೆ ಬಡಿತ. ಅತ್ತೆಗೆ ಆ ಇಳಿಯುವ ದಾರಿ ಕಟ್ಟಿತ್ತು. ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಇಟ್ಟಿರುವ ಪೇಸ್‌ಮೇಕರಿನಿಂದ ಎರಡು ತಂತಿ ರಕ್ತನಾಳದೊಳಗೆ ಹಾದು ಹೃದಯ ಮುಟ್ಟಿವೆ. ಅದು ಸುಮ್ಮನೆ ಡೋಲು ಬಡಿದ ಹಾಗೆ ಬಡಿಯುತ್ತ ಕೂರುವುದಿಲ್ಲ. ಮೊದಲು ಕಿವಿಗೊಡುತ್ತದೆ. ಹೃದಯ ತಾನೇ ಬಡಿಯಿತೋ, ಸುಮ್ಮನಿರುತ್ತದೆ. ಇಷ್ಟು ಹೊತ್ತಿನೊಳಗೆ ಬಡಿಯಲಿಲ್ಲವೋ, ಒಂದು ಚೂರು ಚುರುಕು ಮುಟ್ಟಿಸುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಮುಟ್ಟಿಸಿದರೆ ಹೃದಯದ ಲಯವೇ ಕೆಟ್ಟು ಅಪಾಯವಾದೀತೆಂದು ಈ ಎಚ್ಚರ. ಹೊರಗಿನ ಯಾವುದೋ ವಿದ್ಯುತ್ ಗದ್ದಲದಲ್ಲಿ ಅದರ ಕಿವಿ ಕೆಪ್ಪಾಯಿತು ಅನ್ನಿ. ಆಗ ಏನು ಮಾಡಬೇಕು? ಕೇಳಿಸುತ್ತಿಲ್ಲವೆಂದು ಕೈಕಟ್ಟಿ ಕೂತರೆ ಮನುಷ್ಯ ಹೋಗುತ್ತಾನೆ. ಅದಕ್ಕೆ ಗದ್ದಲ ನಿಲ್ಲುವವರೆಗೆ ಕೇಳುವುದನ್ನು ಬಿಟ್ಟು ನಿಗದಿಯಾದ ಒಂದೇ ಲಯದಲ್ಲಿ ಬಡಿಸುತ್ತ ಹೋಗುತ್ತದೆ. ಅಡುಗೆಯವಳು ಜ್ವರ ಬಂದ ದಿನ ಹೋಳಿಗೆ ಬಿಟ್ಟು ಗಂಜಿ ಬೇಯಿಸಿ ಇಟ್ಟ ಹಾಗೆ. ಬ್ಯಾಟರಿ ಇಳಿಯುತ್ತ ಬಂದರೂ ತಟಕ್ಕನೆ ನಿಲ್ಲುವುದಿಲ್ಲ, ತಿಂಗಳುಗಳ ಮೊದಲೇ ತಪಾಸಣೆಯಲ್ಲಿ ಗೊತ್ತಾಗುವಂತೆ ಸೂಚನೆ ಕೊಡುತ್ತದೆ. ಹಾಗೆಂದು ಇಂಡಕ್ಷನ್ ಒಲೆಯ ಮೇಲೆ ಬಗ್ಗಿ ನಿಲ್ಲುವ ಹಾಗಿಲ್ಲ, ಎರಡಡಿ ದೂರವಿರಬೇಕು. ಮೊಬೈಲನ್ನು ಕುಪ್ಪಸದೊಳಗೆ ತುರುಕುವ ಹಾಗಿಲ್ಲ. ಎರಡನೆಯದನ್ನು ಬಿಡಿಸಲು ನಮಗೆ ಬಹಳ ಕಷ್ಟವಾಯಿತು.

ಈ ಯಂತ್ರವನ್ನು ಮೊಟ್ಟಮೊದಲು ಒಬ್ಬ ಮನುಷ್ಯನ ಮೈಯೊಳಗೆ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ. ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದ. ಅವನ ಹೆಂಡತಿ ಎಲ್ಸ್-ಮಾರಿ ಇಂಜಿನಿಯರ್ ಎಲ್ಮ್‌ಕ್ವಿಸ್ಟರ ಬೆನ್ನಿಗೂ ಸರ್ಜನ್ ಸೆನ್ನಿಂಗರ ಬೆನ್ನಿಗೂ ಬಿದ್ದಳು. ಇನ್ನೂ ಮನುಷ್ಯರ ಮೇಲೆ ಪ್ರಯೋಗಿಸುವ ಹಂತಕ್ಕೆ ಬಂದಿಲ್ಲ ಎಂದರೂ ಬಿಡಲಿಲ್ಲ. ಕೊನೆಗೆ ಬೂಟ್ ಪಾಲಿಶಿನ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ರಾಳದಲ್ಲಿ ಎರಕ ಹೊಯ್ದ ಯಂತ್ರ ತಯಾರಾಯಿತು. ಇಟ್ಟ ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು! ಆದರೆ ಎಲ್ಮ್‌ಕ್ವಿಸ್ಟ್ ಎರಡನೆಯದನ್ನೂ ಮಾಡಿಟ್ಟುಕೊಂಡಿದ್ದರು. ಮುಂದೆ ಲಾರ್ಸನ್ ಒಂದಾದ ಮೇಲೊಂದು 26 ಪೇಸ್‌ಮೇಕರುಗಳನ್ನು ಸವೆಸಿ, ಇಂಜಿನಿಯರಿಗಿಂತಲೂ ಸರ್ಜನ್ನಿಗಿಂತಲೂ ಹೆಚ್ಚು ಕಾಲ ಬಾಳಿ 2001ರಲ್ಲಿ 86ನೇ ವಯಸ್ಸಿಗೆ ತೀರಿಕೊಂಡ, ಅದೂ ಹೃದಯದಿಂದಲ್ಲ, ಬೇರೆ ಕಾಯಿಲೆಯಿಂದ. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಆ ಹೆಂಗಸಿನ ಹಟ. ಆಕೆಯ ಹೆಸರನ್ನು ಯಂತ್ರದ ಮೇಲೆ ಯಾರೂ ಕೆತ್ತಿದ ಹಾಗಿಲ್ಲ, ಇರಲಿ.

ಇತ್ತ ನಮ್ಮಲ್ಲೂ ಒಂದು ಹಟ ಶುರುವಾಗಿತ್ತು. ಅತ್ತೆಗೆ ಊರಿಗೆ ಹೋಗಬೇಕು. ನಾವು ಬಿಡೆವು. ಸಾಗರದ ಮನೆಯಲ್ಲಿ ಅವರಿಗೆ ಏನು ಕಡಿಮೆ? ಆಸ್ಪತ್ರೆ ಹತ್ತು ನಿಮಿಷದ ದಾರಿ, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ, ರಾತ್ರಿ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ‘ಎಂಗೆಂತಾಜು? ಗಟ್ಟಿ ಇದ್ದಿ. ಪೇಟೆಲಿ ಕುಂತ್ಕಂಡು ಎಂತ ಮಾಡವು?’ ಎಂದು ದಿನಕ್ಕೊಮ್ಮೆ ಕೇಳುವರು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ‘ಇಲ್ಲಿ ಸುರಕ್ಷಿತ’ ಎನ್ನುವರು. ಆಮೇಲಾಮೇಲೆ ಕೇಳುವುದು ದಿನಕ್ಕೊಮ್ಮೆಯಿಂದ ವಾರಕ್ಕೊಮ್ಮೆಗೆ ಇಳಿಯಿತು. ಹೊಂದಿಕೊಂಡರು ಎಂದು ನಾವು ಖುಷಿಪಟ್ಟೆವು. 2025ರ ಮಳೆಗಾಲದ ಹೊತ್ತಿಗೆ ಅವರು ಏಕಾದಶಿ ಯಾವತ್ತು ಎಂದು ಕೇಳುವುದನ್ನೂ ಬಿಟ್ಟಿದ್ದರು.

ಗಣೇಶನ ಹಬ್ಬಕ್ಕೆ ಬಂದ ಮಗಳು ಊಟ ಬಡಿಸುತ್ತಿದ್ದ ನನ್ನ ಹತ್ತಿರ, ‘ಆಯಿ, ನೀವು ಅಮ್ಮಮ್ಮನ್ನ ರೈಲು ಅಂದ್ಕೊಂಡಿದೀರಿ’ ಎಂದಳು. ಸಾಗರದ ಹಳಿ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ನಾವು ಬೀರೂರಿನಲ್ಲಿ ರೈಲು ಬದಲಿಸುವಾಗ ಕೈಚಾಚಿ ನಿಲ್ಲುವ ಸಿಗ್ನಲ್ ಕಂಬಗಳನ್ನು ನೋಡಿದ್ದು ನನಗೆ ನೆನಪಿದೆ. ಕೈ ಅಡ್ಡಲಾಗಿದ್ದರೆ ರೈಲು ನಿಲ್ಲಬೇಕು. ಆ ಕೈಯನ್ನು ‘ಹೋಗು’ ಎನ್ನುವ ಕಡೆಗೆ ಎಳೆಯುವುದು ಕೇಬಿನ್ನಿನಿಂದ ಬಂದ ತಂತಿ. ತಂತಿ ಹರಿದರೆ ಭಾರಕ್ಕೆ ಕೈ ತಾನಾಗಿ ಅಡ್ಡಲಾಗುತ್ತದೆ. ಬ್ರೇಕೂ ಹಾಗೆಯೇ: ಆ ರೈಲುಗಳಲ್ಲಿ ಕೊಳವೆಯೊಳಗಿನ ಗಾಳಿಯನ್ನು ಹೀರಿ ಹಿಡಿದುಕೊಂಡಿದ್ದರೆ ಮಾತ್ರ ಚಕ್ರ ಬಿಡುಗಡೆ, ಡಬ್ಬಿ ಕಳಚಿ ಕೊಳವೆ ಹರಿದರೆ ಬ್ರೇಕು ತಾನೇ ಕಚ್ಚಿಕೊಳ್ಳುತ್ತದೆ. ಕೆಟ್ಟರೆ ಕ್ಷೇಮದ ಕಡೆಗೇ ಕೆಡಬೇಕು. ರೈಲಿಗೆ ನಿಲ್ಲುವುದೇ ಕ್ಷೇಮ.

‘ವಿಮಾನಕ್ಕೆ?’ ಎಂದು ಕೇಳಿದಳು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ತೇಜಸ್ ಯುದ್ಧವಿಮಾನವನ್ನು, ಚುರುಕಾಗಿ ತಿರುಗಲೆಂದು, ತಾನಾಗಿ ಸ್ಥಿರ ನಿಲ್ಲದ ಹಾಗೆಯೇ ರೂಪಿಸಿದ್ದಾರಂತೆ. ಸೆಕೆಂಡಿನಲ್ಲಿ ಹತ್ತಾರು ಸಲ ಕಂಪ್ಯೂಟರ್ ಅದನ್ನು ಸರಿಮಾಡುತ್ತಿದ್ದರೇ ಅದು ಹಾರುವುದು. ಅಲ್ಲಿ ‘ಅನುಮಾನ ಬಂತು, ನಿಲ್ಲಿಸು’ ಎನ್ನುವಂತಿಲ್ಲ. ಅದಕ್ಕೆ ಒಂದೇ ಲೆಕ್ಕವನ್ನು ನಾಲ್ಕು ಕಡೆ ಒಟ್ಟೊಟ್ಟಿಗೆ ಮಾಡಿಸಿ ತಾಳೆ ನೋಡುತ್ತಾರೆ. ಒಂದು ಕಡೆಯ ಉತ್ತರ ಬೇರೆಯಾದರೆ ಅದನ್ನು ಪಂಕ್ತಿಯಿಂದ ಎಬ್ಬಿಸಿ ಉಳಿದವು ಮುಂದುವರಿಯುತ್ತವೆ. ಹೃದಯವೂ ಈ ಜಾತಿಯದೇ, ಅದಕ್ಕೆ ನಿಲ್ಲುವುದು ಕ್ಷೇಮವಲ್ಲ. ‘ಅಮ್ಮಮ್ಮನ್ನ ನೀವು ನಿಲ್ಲಿಸಿಟ್ಟಿದೀರಿ’ ಎಂದಳು. ನಮ್ಮ ಮನೆಯವರು ಪೇಪರು ಮಡಿಸಿಟ್ಟರು. ಯಾರೂ ಮಾತಾಡಲಿಲ್ಲ. ನನ್ನ ಕೈಯ ಸಾರಿನ ಸೌಟು ಕೈಯಲ್ಲೇ ಇತ್ತು.

ಅಷ್ಟರಲ್ಲಿ ಸೇತುವೆಯೂ ಆಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಕರೂರು, ಬಾರಂಗಿ ಹೋಬಳಿಯವರಿಗೆ ಸಾಗರ ಎನ್ನುವುದು ಬೇರೆ ದೇಶ. ಬಸುರಿಯರೂ ಹಾವು ಕಚ್ಚಿದವರೂ ಆ ಕಟ್ಟೆಯ ಮೇಲೆ ಕಾದದ್ದನ್ನು ಅಲ್ಲಿಯವರು ಮರೆಯುವುದಿಲ್ಲ. ಈಗ ರಾತ್ರಿ ಎರಡು ಗಂಟೆಗೂ ಕಾರು ಬರುತ್ತದೆ.

ನವರಾತ್ರಿಯ ಪಾಡ್ಯದಂದು ಅತ್ತೆ ಊರಿಗೆ ಹೋದರು. ಹೋಗುವ ಮೊದಲು ಹೊಸ ಏರ್ಪಾಟಿನ ಬಗ್ಗೆ ನಮ್ಮಲ್ಲಿ ದೊಡ್ಡ ಸಭೆಯೇ ನಡೆಯಿತು. ಒಂದು ಮೊಬೈಲು ಕೈಕೊಟ್ಟರೆ ಇನ್ನೊಂದಿರಲಿ ಎಂದು ನಮ್ಮ ಮನೆಯವರು ಎರಡು ಮೊಬೈಲು ತಂದಿದ್ದರು. ಮಗಳು ಎರಡನ್ನೂ ನೋಡಿ ನಕ್ಕಳು. ಆ ಊರಿಗೆ ಸಿಗುವುದು ಒಂದೇ ಟವರು. ಕರೆಂಟು ಹೋಗಿ ಟವರು ಸತ್ತರೆ ಎರಡೂ ಒಟ್ಟಿಗೇ ಸಾಯುತ್ತವೆ. 1996ರ ಜೂನ್ 4ರಂದು ಯುರೋಪಿನವರು ಹಾರಿಸಿದ ಏರಿಯಾನ್ 5 ರಾಕೆಟ್ಟಿಗೆ ಆದದ್ದು ಇದೇ. ದಿಕ್ಕು ಲೆಕ್ಕ ಹಾಕುವ ಕಂಪ್ಯೂಟರ್ ಒಂದು, ಕೆಟ್ಟರೆ ಇರಲೆಂದು ಇನ್ನೊಂದು. ಆದರೆ ಎರಡರೊಳಗೂ ಒಂದೇ ಪ್ರೋಗ್ರಾಮು, ಹಳೆಯ ರಾಕೆಟ್ಟಿನಿಂದ ಎತ್ತಿಕೊಂಡದ್ದು. ಹೊಸ ರಾಕೆಟ್ಟಿನ ವೇಗದ ಅಂಕಿ ಆ ಪ್ರೋಗ್ರಾಮು ಇಟ್ಟಿದ್ದ ಪಾತ್ರೆಯಲ್ಲಿ ಹಿಡಿಸಲಿಲ್ಲ, ಸೇರಿನಷ್ಟನ್ನು ಪಾವಿಗೆ ಸುರಿದ ಹಾಗೆ. ಎರಡು ಕಂಪ್ಯೂಟರೂ ಬೆನ್ನುಬೆನ್ನಿಗೇ ಕೈಚೆಲ್ಲಿದವು. ಸುಮಾರು ನಲವತ್ತು ಸೆಕೆಂಡಿನಲ್ಲಿ ರಾಕೆಟ್ಟು ಆಕಾಶದಲ್ಲೇ ಚೂರಾಯಿತು. ಎರಡಿಟ್ಟರೆ ಸಾಲದು, ಎರಡೂ ಬೇರೆ ಬೇರೆ ಕಾರಣಕ್ಕೆ ಕೆಡುವಂಥವಾಗಿರಬೇಕು.

ಕೊನೆಗೆ ದಾರಿ ಹೇಳಿದ್ದು ಅತ್ತೆಯೇ. ‘ಕೂ ಹಾಕ್ತಿ’ ಎಂದರು.

ನಮ್ಮ ಕಡೆ ಹೇಳುವ ‘ಕೂಗಳತೆ’ ಬರಿಯ ಮಾತಲ್ಲ. ತೋಟದ ಈಚೆಯಿಂದ ಒಬ್ಬರು ಕೂ ಎಂದರೆ ಆಚೆಯಿಂದ ಇನ್ನೊಬ್ಬರು ಕೂ ಎನ್ನುವುದು ಟೆಲಿಫೋನಿಗಿಂತ ಹಳೆಯ ಪದ್ಧತಿ. ಮಗಳು ಕುಣಿದಾಡಿದಳು. ಕೂ ಹಾಕಲು ಹಾಸಿಗೆಯಿಂದ ಏಳಬೇಕು, ಕಾಲು ನಡೆಯಬೇಕು, ಬಾಗಿಲ ಅಗಳಿ ತೆಗೆಯಬೇಕು, ಎದೆಯಲ್ಲಿ ಉಸಿರಿರಬೇಕು, ಇವತ್ತು ಹಾಕಬೇಕೆಂಬ ನೆನಪಿರಬೇಕು. ಇಷ್ಟೂ ಸರಿಯಿದ್ದರೇ ನಾಯಿಗೆ ತುತ್ತು. ನಿನ್ನೆಯ ಕೂ ಇವತ್ತಿಗೆ ಉಳಿಯುವುದಿಲ್ಲ. ಮಳೆಯ ಸದ್ದಿಗೆ ಕೇಳಿಸದಿದ್ದರೆ? ಜಗಲಿಯಲ್ಲಿ ಜಾಗಟೆ ಇದೆ. ಆರೂವರೆಯೊಳಗೆ ಕೂ, ಏಳರವರೆಗೂ ಕೂ ಇಲ್ಲ, ಜಾಗಟೆ ಇಲ್ಲವೆಂದರೆ ಆಚೆಮನೆಯಾಕೆ ಕೈಕೆಲಸ ಬಿಟ್ಟು ಬರಬೇಕು. ಎಲ್ಲ ಸರಿಯಿದ್ದರೆ ಏಳೂಕಾಲಕ್ಕೆ ಅವಳಿಂದ ನನಗೊಂದು ಮಿಸ್ಡ್ ಕಾಲ್. ಏಳೂವರೆಯಾದರೂ ಅದು ಬರದಿದ್ದರೆ, ಟವರಿಲ್ಲದಿರಬಹುದು, ಮರೆತಿರಬಹುದು ಎಂದೆಲ್ಲ ಯೋಚಿಸದೆ ನಾವು ಹೊರಡಬೇಕು. ಈ ಕೊನೆಯ ಕಲಮನ್ನು ಮಗಳು ನಮ್ಮಿಬ್ಬರಿಂದಲೂ ಮೂರು ಸಲ ಹೇಳಿಸಿದಳು.

ಎರಡನೇ ವಾರದಲ್ಲೇ ಅತ್ತೆಗೆ ಗಂಟಲು ಕಟ್ಟಿತು. ಜಾಗಟೆ ಬಾರಿಸಲು ಆಲಸ್ಯ. ಆಚೆಮನೆಯಾಕೆ ಕೆಸರಲ್ಲಿ ಜಾರುತ್ತ ಓಡಿ ಬಂದರೆ ಅತ್ತೆ ಒಲೆಯ ಮುಂದೆ ಕಷಾಯ ಕಾಸುತ್ತಿದ್ದಾರೆ! ‘ಹಿಂಗೆ ಓಡಿಸ್ತೀರಲ್ಲ ಅಮ್ಮ’ ಎಂದು ಅವಳು ಸಿಟ್ಟಾಗಲಿಲ್ಲ, ಅಲ್ಲೇ ಕೂತು ಅತ್ತಳಂತೆ. ಆ ಅಳು 2023ರ ನವೆಂಬರಿನದು. ಅಂದಿನಿಂದ ಅತ್ತೆ ಜಾಗಟೆ ತಪ್ಪಿಸಿಲ್ಲ.

ದೀಪಾವಳಿ ಕಳೆದು ಒಂದು ವಾರವಾಗಿರಬೇಕು. ಅಕಾಲದ ಮಳೆ, ರಾತ್ರಿಯಿಂದ ಸಾಗರದಲ್ಲೂ ಕರೆಂಟಿಲ್ಲ. ಏಳೂಕಾಲಾಯಿತು, ಫೋನು ಸುಮ್ಮನಿತ್ತು. ಏಳೂವರೆ. ‘ಟವರಿಲ್ಲ ಕಾಣ್ತು’ ಎಂದರು ನಮ್ಮ ಮನೆಯವರು. ನನಗೂ ಹಾಗೇ ಅನಿಸಿತ್ತು. ಇಬ್ಬರೂ ಒಂದು ಕ್ಷಣ ಮುಖ ನೋಡಿಕೊಂಡೆವು. ನಾನು ಒಲೆ ಆರಿಸಿದೆ, ಅವರು ಕಾರಿನ ಕೀ ತೆಗೆದುಕೊಂಡರು.

ಆವಿನಹಳ್ಳಿ ದಾಟುವವರೆಗೂ ಮಾತಿಲ್ಲ. ಸೇತುವೆಯ ಮೇಲೆ ಮಂಜು ಎಷ್ಟಿತ್ತೆಂದರೆ ಎರಡೂ ಕಡೆಯ ನೀರು ಕಾಣಲಿಲ್ಲ. ತುಮರಿ ಬಿಟ್ಟು ಒಳದಾರಿ ಹಿಡಿದಾಗ ನನ್ನದೇ ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು, ಅದಕ್ಕೆ ಯಾವ ಯಂತ್ರದ ಹಂಗೂ ಇರಲಿಲ್ಲ.

ಅಂಗಳಕ್ಕೆ ಇಳಿದರೆ ಅಡುಗೆಮನೆಯ ಹಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಒಳಗೆ ಇಬ್ಬರೂ ಒಲೆಯ ಮುಂದೆ ಕೂತಿದ್ದರು. ಆಚೆಮನೆಯಾಕೆಯ ಸೀರೆ ಮೊಣಕಾಲವರೆಗೆ ನೆನೆದಿತ್ತು, ರೇಂಜು ಹುಡುಕಿ ಗುಡ್ಡ ಹತ್ತಿ ಇಳಿದು ಬಂದಿದ್ದಳು. ಅತ್ತೆ ನಮ್ಮನ್ನು ಕಂಡವರೇ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿ, ‘ಅಯ್ಯೋ, ಟವರ್ ಹೋದ್ರೆ ಆನೂ ಹೋದಾಂಗಾತನೆ?’ ಎಂದರು. ಆಮೇಲೆ ಇನ್ನೆರಡು ಮಣೆ ಎಳೆದುಹಾಕಿ, ಕಾವಲಿಗೆ ಎಣ್ಣೆ ಸವರಿ ತೆಳ್ಳೇವು ಎರೆಯಲು ಶುರುಮಾಡಿದರು. ಜೋನಿಬೆಲ್ಲದ ಡಬ್ಬಿಯನ್ನು ಆಚೆಮನೆಯಾಕೆಯೇ ಎತ್ತಿಕೊಟ್ಟಳು.